ಬಾಣಲೆ ಹಿಡಿಗೊಂದು ಕುಲಾವಿ

ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಾಗ ಫೋನು ಬಂತು. ಎರಡು ಕೈಯೂ ಒದ್ದೆ, ಬೆರಳ ತುಂಬ ಸಿಪ್ಪೆ. ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ. ಮಿರ್ಲೆಯಿಂದ ನನ್ನ ನಾದಿನಿ ಸುಜಾತ. ನಮ್ಮತ್ತೆ ಮಗಳ ಮನೆಗೆಂದು ಹೋಗಿ ಅಲ್ಲೇ ಇದ್ದರು.

"ಅತ್ತಿಗೆ, ಅವ್ವ ಬಿಸಿ ಬಾಣ್ಲೆಯ ಬರಿಗೈಲಿ ಇಳಿಸವ್ಳೆ. ಅಂಗೈಲಿ ಇಷ್ಟು ದಪ್ಪ ಬೊಬ್ಬೆ. ನಾನು ಯೋಳೋಗಂಟ ಅವಳಿಗೆ ಗೊತ್ತೇ ಇಲ್ಲ ಕಣತ್ತಿಗೆ. ನಿಮ್ಮನೇಲೂ ಇಂಗೇಯಾ?"

ಹುಟ್ಟಿದ ಮನೆಯನ್ನು ಅವಳು 'ನಿಮ್ಮನೆ' ಅಂದಾಗಲೆಲ್ಲ ಅದರ ಹಿಂದೆ ಒಂದು ದೂರು ಇರುತ್ತದೆ. ಈ ಸಲವೂ ಇದೆಯೇ ಎಂದು ಅನುಮಾನಿಸಿದೆ. ಆಮೇಲೆ ಆ ಅನುಮಾನವನ್ನು ಪಕ್ಕಕ್ಕಿಟ್ಟೆ, ಅದಕ್ಕಿಂತ ದೊಡ್ಡದೊಂದು ಎದ್ದು ಕೂತಿತ್ತು.

ನಮ್ಮ ಬಾಣಲೆಯ ಪ್ಲಾಸ್ಟಿಕ್ ಹಿಡಿ ಸೀಳಿ ಬಿದ್ದು, ಈಗ ಉಳಿದಿರುವುದು ಬರೀ ಕಬ್ಬಿಣದ ಪಟ್ಟಿ. ನಾನು ಅದನ್ನು ಸೆರಗಿನಲ್ಲಿ ಹಿಡಿಯುತ್ತೇನೆ. ಅತ್ತೆ ಬರಿಗೈಯಲ್ಲಿ ಹಿಡಿದು, ನಿಧಾನಕ್ಕೆ ಇಳಿಸಿ, ನನ್ನ ಕಡೆ ಒಂದು ಸಲ ನೋಡುತ್ತಾರೆ. ನಿನ್ನದು ಬೆಣ್ಣೆ ಕೈ ಎಂದು ಆಡಿಕೊಳ್ಳುತ್ತಿದ್ದಾರೆ ಅಂತಲೇ ನಾನು ತಿಳಿದಿದ್ದೆ. ಹಂಪಾಪುರದ ನನ್ನ ತವರಿನವರ ಮೇಲೂ ಆ ನೋಟದಲ್ಲಿ ಒಂದು ಮಾತಿದೆ ಅನ್ನಿಸುತ್ತಿತ್ತು. ಈಗ ಯೋಚಿಸಿದರೆ, ನಾನು ಏನಾದರೂ ಕಂಡುಹಿಡಿದೆನೇ ಎಂದು ನೋಡುತ್ತಿದ್ದರೋ ಏನೋ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಅದು ಕಾಲಿನ ಸ್ಪರ್ಶ ತಿನ್ನುತ್ತದೆ ಎಂದು ಕೇಳಿದ್ದೆ. ಕೈಗೂ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬಾಣಲೆಯಲ್ಲಿ ಎಣ್ಣೆ ಇರಲಿಲ್ಲವಂತೆ. ಅಷ್ಟು ಮಟ್ಟಿಗೆ ದೇವರು ಕಣ್ಣು ಬಿಟ್ಟಿದ್ದ.

ಎರಡು ದಿನದ ಮೇಲೆ ಅತ್ತೆ ಕೆ.ಆರ್. ನಗರದ ಬಸ್ಸಿಳಿದು ನಮ್ಮ ಮನೆಗೆ ವಾಪಸು ಬಂದದ್ದು ಬಲಗೈ ಮುಷ್ಟಿ ಕಟ್ಟಿಕೊಂಡೇ. ಬ್ಯಾಗು ಎಡಗೈಯಲ್ಲಿ. ನೀರು ಕೊಟ್ಟರೆ ಎಡಗೈ. ನೇರವಾಗಿ ಕೇಳಿದ್ದರೆ "ಏನಿಲ್ಲ ಬುಡು" ಎಂದು ಮುಗಿಸುತ್ತಿದ್ದರು. ಹಾಗಾಗಿ ನಾನೊಂದು ಉಪಾಯ ಮಾಡಿದೆ. ಬೆಳಗಿನ ಪೂಜೆ ಮುಗಿಸಿ ತೀರ್ಥದ ಬಟ್ಟಲು ಹಿಡಿದು ಎದುರು ನಿಂತೆ. ತೀರ್ಥಕ್ಕೆ ಎಡಗೈ ಒಡ್ಡುವ ಹೆಂಗಸು ನಮ್ಮತ್ತೆಯಲ್ಲ. ಬಲಗೈ ಬಿಚ್ಚಿಕೊಂಡಿತು. ಬೊಬ್ಬೆ ಒಡೆದು ಚರ್ಮ ಸುಲಿದಿತ್ತು. ಉದ್ಧರಣೆಯ ನೀರು ಅದರ ಮೇಲೆ ಬಿದ್ದರೂ ಅವರು ಮುಖ ಒಂದಿಷ್ಟೂ ಕಿವುಚಲಿಲ್ಲ. ನಾನು ನೋಡಿದ್ದನ್ನು ಅವರು ನೋಡಿದರು. ತೀರ್ಥ ಕುಡಿದು, ಕೈಯನ್ನು ತಲೆಗೆ ಸವರಿಕೊಂಡು ಒಳಗೆ ಹೋದರು. ದೇವರನ್ನು ಪೊಲೀಸ್ ಕೆಲಸಕ್ಕೆ ಇಳಿಸಿದ್ದಕ್ಕೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದೆ.

ಅವತ್ತು ಮಧ್ಯಾಹ್ನವೇ ಹೊಲಿಯಲು ಕೂತೆ. ಹಿಡಿಗೆ ಒಂದು ಬಟ್ಟೆಯ ಚೀಲ, ಅಷ್ಟೆ. ಆದರೆ ಬಟ್ಟೆಯಷ್ಟು ನಂಬಿಕೆಗೇಡಿ ವಸ್ತು ಇನ್ನೊಂದಿಲ್ಲ. ಹತ್ತಿ ಎಂದು ಮಾರುವುದರಲ್ಲಿ ಅರ್ಧ ನೈಲಾನು. ಬಿಸಿ ತಗುಲಿದರೆ ಕರಗಿ ಕೈಗೇ ಅಂಟುತ್ತದೆ. ಹಾಗಾಗಿ ಪ್ರತಿ ಹಳೆ ಬಟ್ಟೆಯಿಂದಲೂ ಒಂದೊಂದು ಎಳೆ ಕಿತ್ತು ಮೇಣದಬತ್ತಿಗೆ ಹಿಡಿದೆ. ಬೂದಿಯಾದದ್ದು ಹತ್ತಿ, ಮಣಿಯಂತೆ ಗಂಟು ಕಟ್ಟಿದ್ದು ಮೋಸ. ನಮ್ಮ ಯಜಮಾನರು ಹತ್ತಿಯೆಂದೇ ಉಟ್ಟು ಮೆರೆಯುತ್ತಿದ್ದ ಪಂಚೆ ಆ ಪರೀಕ್ಷೆಯಲ್ಲಿ ಫೇಲಾಯಿತು. ಅವರಿಗೆ ಹೇಳಿಲ್ಲ. ಕೊನೆಗೆ ಹೊರಗೆ ನನ್ನದೇ ಹಳೆ ಸೀರೆಯ ಎರಡು ಪದರ, ಒಳಗೆ ಹುಳ ತಿಂದ ಕುರಿ ಕಂಬಳಿಯ ತುಂಡು. ಕಂಬಳಿ ಬೆಂಕಿಗೆ ಬೇಗ ಸೋಲುವುದಿಲ್ಲ, ಸೂಜಿಗೂ ಸೋಲುವುದಿಲ್ಲ. ಜೋಡಿ ದಾರ ಹಾಕಿ, ಸೂಜಿಯ ಹಿಂಬದಿಯನ್ನು ಮಣೆಗೆ ಒತ್ತಿ ಒತ್ತಿ ದಾಟಿಸಬೇಕಾಯಿತು.

ಹೊಲಿಯುತ್ತಾ ಅನ್ನಿಸಿತು, ಹಿಂದೆ ನಮ್ಮ ಅಡುಗೆಮನೆಗಳಲ್ಲಿ ಪಾತ್ರೆಗೆ ಹಿಡಿ ಎಲ್ಲಿತ್ತು? ಮಡಕೆಗೆ ಕಂಠ, ತಪ್ಪಲೆಗೆ ಅಂಚು, ಇಳಿಸಲು ಮಸಿಬಟ್ಟೆ. ಪಾತ್ರೆ ಬಿಸಿ ಎಂದು ಎಲ್ಲರೂ ಅನುಮಾನದಿಂದಲೇ ಮುಟ್ಟುತ್ತಿದ್ದರು. ಹಿಡಿ ಬಂದ ಮೇಲೆ ನಂಬಿಕೆ ಬಂತು, ನಂಬಿಕೆಯ ಹಿಂದೆಯೇ ಬೊಬ್ಬೆಯೂ ಬಂತು.

ಚೀಲ ಹಾಕಿದ ಬಾಣಲೆಯನ್ನು ಅತ್ತೆ ಎಲ್ಲ ಕಡೆಯಿಂದಲೂ ನೋಡಿದರು.

"ಏನಮ್ಮಿ ಇದು, ಬಾಣ್ಲೆಗೆ ಕುಲಾವಿ ಒಲ್ದಿದ್ದೀಯ? ಸೀತ ಆಯ್ತದಾ ಅದುಕ್ಕೆ?"

"ನನ್ನ ಕೈ ಸುಡುತ್ತೆ ಅತ್ತೆ, ಅದಕ್ಕೆ."

"ಇಷ್ಟ್ ದಿನ ಸುಡ್ನಿಲ್ವಾ?"

ಮಾರನೆಯ ದಿನ ಕುಲಾವಿ ಮಾಯ. ರಾಗಿ ಡ್ರಮ್ಮಿನ ಹಿಂದೆ ಸಿಕ್ಕಿತು. ಹಾಕಿದೆ. ಮತ್ತೆ ಮಾಯ, ಈ ಸಲ ಸೌದೆ ಗೂಡಿನಲ್ಲಿ. ಬೆಕ್ಕಿನ ಮೇಲೂ ಅನುಮಾನಪಟ್ಟೆ. ಆದರೆ ಬೆಕ್ಕು ಕದ್ದ ಬಟ್ಟೆಯನ್ನು ಮಡಿಸಿಡುವುದಿಲ್ಲ.

ಮೂರನೆಯ ಸಲ ನಾನು ಹುಡುಕುತ್ತಿದ್ದಾಗ ಅತ್ತೆಯೇ ಅದನ್ನು ಮಡಿಲಿನಿಂದ ತೆಗೆದರು.

"ಸುಜಾತ ಫೋನ್ ಮಾಡಿದ್ಲಾ?"

"ಮಾಡಿದ್ಲು."

"ಅದೇ ಅನ್ಕಂಡೆ. ನೋಡಮ್ಮಿ, ಮೊದ್ಲು ಹಿಡೀಗೆ ಬಟ್ಟೆ ಇಕ್ತೀರಿ. ಆಮೇಲೆ 'ಅತ್ತೆ, ನೀವು ಕೂತ್ಕಳಿ' ಅಂತೀರಿ. ನಮ್ಮತ್ತೆ ಕೈಯಿಂದ ಮುದ್ದೆ ಕೋಲ ನಾನೂ ಇಂಗೇ ಇಸ್ಕಂಡೆ, ಮರ್ವಾದೆಯಿಂದ್ಲೇ. ಆವಮ್ಮ ಆಮೇಲೆ ಊಟ ಸೇರ್ತದೆ ಅಂತ ಒಂದಿನಾನೂ ಅನ್ನಲಿಲ್ಲ. ಕೈ ಜುಮ್ಮಂತದೆ, ಸುಡೋದು ತಿಳಿಯಕ್ಕಿಲ್ಲ, ನಿಜ. ಅದುಕ್ಕೆ ನನ್ನ ಒಲೆ ಮುಂದಿಂದ ಎಬ್ಬಿಸ್ತೀಯ?"

ಎಬ್ಬಿಸುವ ಯೋಚನೆ ನನ್ನಲ್ಲಿ ಇರಲೇ ಇಲ್ಲ ಎಂದು ದೇವರ ಮುಂದೆ ಹೇಳಲಾರೆ. ಫೋನಿಟ್ಟ ಕೂಡಲೇ ಮೊದಲು ಬಂದ ಯೋಚನೆ ಅದೇ.

"ಒಲೆ ನಿಮ್ದೇ ಅತ್ತೆ," ಅಂದೆ. "ಆದ್ರೆ ಕುಲಾವಿ ಇರ್ಬೇಕು. ಡಾಕ್ಟ್ರಿಗೆ ಕೈ ತೋರಿಸ್ಬೇಕು."

"ಡಾಕ್ಟ್ರತ್ರ ಓಗೋದ ಸುಜಾತಂಗೆ ಯೋಳಕೂಡ್ದು."

"ಹೇಳಲ್ಲ."

"ನಿನ್ ಗಂಡಂಗೂವೆ."

ಅದಕ್ಕೆ ನಾನು ಒಪ್ಪಲಿಲ್ಲ. ಸ್ವಲ್ಪ ಹೊತ್ತು ಗೊಣಗಿ ಅವರೇ ಒಪ್ಪಿದರು.

ಡಾಕ್ಟರು ಹುಣ್ಣಿಗೆ ಮುಲಾಮು ಕೊಟ್ಟರು. ಕೀವಾಗುವ ಮೊದಲೇ ಬಂದಿರಿ, ಒಳ್ಳೆಯದಾಯಿತು ಅಂದರು. ದಿನಾ ಅಂಗೈ ಅಂಗಾಲು ನೋಡಿಕೊಳ್ಳಿ, ಬಿಸಿ ಗೊತ್ತಾಗದಿರುವುದು ಅಷ್ಟು ಬೇಗ ಸರಿಹೋಗುವಂಥದ್ದಲ್ಲ ಅಂತಲೂ ಅಂದರು. ಡಾಕ್ಟರು ಕೊಟ್ಟ ಮಾತ್ರೆಗಳನ್ನು ಅತ್ತೆ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಮನೆಗೆ ಬಂದು ಕುಲಾವಿಯನ್ನೂ ಹಾಗೆಯೇ ತಿರುಗಿಸಿ, ಬಾಯಿ ಸಡಿಲ, ಇನ್ನೊಂದು ಹೊಲಿಗೆ ಬೇಕು ಅಂದರು. ಹಾಕಿಕೊಟ್ಟೆ.

ಸಂಜೆ ಒಗ್ಗರಣೆಗೆ ಬಾಣಲೆ ಇಟ್ಟರು, ಕುಲಾವಿ ಪಕ್ಕದಲ್ಲೇ ಇತ್ತು. ಸಾಸಿವೆ ಸಿಡಿಯಿತು. ಇಳಿಸುವ ಹೊತ್ತಿಗೆ ಕೈ ಹಿಡಿಯ ಹತ್ತಿರ ಹೋಗಿ ನಿಂತಿತು. ನಾನು ನೋಡುತ್ತಿದ್ದೇನೆಯೇ ಎಂದು ಅವರು ನೋಡುತ್ತಿದ್ದರು. ಮುಂದೆ ನಾನು ದಿನಾ ಹೀಗೆ ಕಾವಲು ನಿಂತರೆ, ಎಬ್ಬಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಅನ್ನಿಸಿತು. ಕುಲಾವಿ ಹಾಕುತ್ತಾರೋ ಇಲ್ಲವೋ ಎಂಬ ಅನುಮಾನವೇನೂ ಹೋಗಿರಲಿಲ್ಲ. ಆದರೂ ಗೋಡೆಯ ಕಡೆಗೆ ತಿರುಗಿ, ತುರಿಮಣೆ ಎಳೆದುಕೊಂಡು, ತೆಂಗಿನಕಾಯಿ ತುರಿಯಲು ಕೂತೆ.