ಒರೆಸಿದ ಅರಿಶಿನ

"ಮನಿ ಬಿಟ್ಟು ಹೋಗೋರು ಹೊಸ್ತಿಲ ಪೂಜಿ ಯಾಕ ಮಾಡ್ಲಿಕತ್ತೀರಿ? ಕೊಂಡವರು ಬಂದು ನೋಡಿದ್ರ ಇದು ನಿಮ್ಮದೇ ಮನಿ ಅಂದ್ಕೋತಾರ!"

ಹೀಗೆಂದ ಮಾಲೀಕರ ಹೆಂಡತಿ, ನಾನು ಆಗಷ್ಟೇ ಹಚ್ಚಿದ್ದ ಹಸಿ ಅರಿಶಿನವನ್ನು ಚಪ್ಪಲಿ ಕಾಲಿನಿಂದಲೇ ಒರೆಸಿಬಿಟ್ಟರು. ಹೊರಗೆ ಟಂಟಂ ಆಟೋದಲ್ಲಿ ನಮ್ಮ ಸಾಮಾನು ತುಂಬಿತ್ತು. ಶಹಾಬಾದಿನ ಆ ಬಾಡಿಗೆ ಮನೆಯಲ್ಲಿ ನಾವಿದ್ದದ್ದು ಹತ್ತೊಂಬತ್ತು ವರ್ಷ. ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಹಚ್ಚದೆ ಒಂದು ದಿನವೂ ಒಲೆ ಹೊತ್ತಿಸಿದವಳಲ್ಲ ನಾನು. ಮಾಲೀಕರು ಮನೆ ಮಾರಿದ್ದಾರೆ, ಇವತ್ತು ಬಿಡಬೇಕು ಎಂಬುದನ್ನು ಮರೆತು ಕೈ ತನ್ನ ಕೆಲಸ ಮಾಡಿತ್ತು.

ಅಸಲಿಗೆ ಆ ಹೊಸ್ತಿಲು ಅವರು ಹಾಕಿಸಿದ್ದೂ ಅಲ್ಲ. ಮೊದಲಿದ್ದ ಕಟ್ಟಿಗೆಯ ಹೊಸ್ತಿಲಿಗೆ ಗೆದ್ದಲು ಹತ್ತಿದಾಗ, ಕಲ್ಲು ಪಾಲಿಶ್ ಮಾಡುವ ನನ್ನ ಗಂಡ ರಜೆಯ ದಿನ ತಾನೇ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ದು, ಕನ್ನಡಿಯಂತೆ ನಯ ಮಾಡಿ ಕೂರಿಸಿದ್ದರು. ಮಗಳು ಗಂಡನ ಮನೆಗೆ ಹೋದದ್ದು ಅದನ್ನು ದಾಟಿಯೇ. ಆಕೆ ಅರಿಶಿನ ಒರೆಸಿದ್ದನ್ನು ನೋಡಿಯೂ ನನ್ನ ಗಂಡ ಗ್ಯಾಸ್ ಸಿಲಿಂಡರ್ ಹೆಗಲಿಗೇರಿಸಿಕೊಂಡು, ಆ ಕಲ್ಲನ್ನು ತುಳಿಯದೆ ದಾಟಿ ಹೋದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಈಗ ವಾಡಿಯಲ್ಲಿ ಬೇರೆ ಬಾಡಿಗೆ ಮನೆ. ಇಲ್ಲಿಯ ಒಡತಿ ಒಳ್ಳೆಯವರೇ. ಮೊನ್ನೆ ಬಂದು, "ಶುಕ್ರಾರ ದಿನಾನೂ ಹೊಸ್ತಿಲಕ್ಕ ಅರಿಶಿಣ ಹಚ್ಚಂಗಿಲ್ಲಲ್ರಿ ಅಕ್ಕಾರ, ಯಾಕ?" ಎಂದು ಕೇಳಿದರು.

"ಹೊಸ್ತಿಲ ನಿಮ್ಮದದ ರೀ, ನೀವೇ ಹಚ್ಚಿ ಹೋಗ್ರಿ" ಎಂದೆ.