ನಕ್ಷತ್ರಲೋಕದ ಪತ್ತೇದಾರನೂ ನಮ್ಮನೆಯವರೂ

ಎಂಬತ್ತರ ದಶಕದ ಆರಂಭದಲ್ಲಿ ನಮ್ಮನೆಯವರು ಒಂದು ವಾರಪತ್ರಿಕೆಗೆ ಪತ್ತೇದಾರಿ ಕಥೆ ಬರೆಯುತ್ತಿದ್ದರು. ಭೂಮಿಯ ಕಳ್ಳರು ಅವರ ಅಂತಸ್ತಿಗೆ ಸಾಲುತ್ತಿರಲಿಲ್ಲ. ಅವರ ಪತ್ತೇದಾರ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಿ ಖಾಸಗಿಯಾಗಿ ಕೇಸು ಹಿಡಿಯುವವನು. ಬೆಳ್ಳಿ ಬಣ್ಣದ ಕೋಟು, ಬಾಯಲ್ಲಿ ಪೈಪು. ಗಾಳಿಯೇ ಇಲ್ಲದ ಗ್ರಹದಲ್ಲೂ ಆ ಪೈಪು ಆರುತ್ತಿರಲಿಲ್ಲ. ಅವನ ನೌಕೆ ಕಣ್ಣು ಮುಚ್ಚಿ ಬಿಡುವುದರೊಳಗೆ ಬ್ರಹ್ಮಾಂಡ ದಾಟುತ್ತಿತ್ತು. ಜಯನಗರದ ನಮ್ಮ ಗೇಟಿನ ಮುಂದೆ ಮಾತ್ರ ದಿನಾ ಬೆಳಗ್ಗೆ ಸ್ಕೂಟರನ್ನು ಓರೆ ಮಾಡಿ, ನೆಟ್ಟಗೆ ನಿಲ್ಲಿಸಿ, ಒದೆಯಬೇಕಿತ್ತು. ಬರೆಯುವ ಮಹಾಶಯರಿಗೆ ತಮ್ಮ ಹಣೆಯ ಮೇಲಿದ್ದ ಕನ್ನಡಕವೇ ಸಿಗುತ್ತಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಆ ಜಾತಿ.

ಶುರು ಮಾಡುವುದರಲ್ಲಿ ಅವರು ನಿಸ್ಸೀಮರು. ಹೆಣ ಬೀಳಿಸುತ್ತಿದ್ದರು, ವಜ್ರ ಮಾಯ ಮಾಡುತ್ತಿದ್ದರು. ಯಾರು ಮಾಡಿದ್ದೆಂದು ಆಮೇಲೆ ಅವರಿಗೇ ಗೊತ್ತಾಗುತ್ತಿರಲಿಲ್ಲ. ಆಗ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹುರುಳಿಕಾಯಿ ನಾರು ತೆಗೆಯುತ್ತಾ ನಾನು ಕಳ್ಳನನ್ನು ಹಿಡಿದುಕೊಡುತ್ತಿದ್ದೆ.

ಎರಡು ಸೂರ್ಯರಿರುವ ಗ್ರಹದ ಕಥೆಯಲ್ಲೂ ಹಾಗೇ ಆಯಿತು.

"ಒಬ್ಬ ಹೆಂಗಸು ಕಳ್ಳನ್ನ ನೋಡಿರ್ತಾಳೆ ಕಣೇ. ಆದ್ರೆ ಹೆಸರು ಹೇಳಬಾರ್ದು, ಹೇಳಿದ್ರೆ ಕಥೆ ಮುಗೀತು. ಯಾಕೆ ಹೇಳಲ್ಲ ಅವಳು?"

"ಗಂಡನ ಹೆಸರು ಯಾರಾದ್ರೂ ಹೇಳ್ತಾರೇನ್ರೀ? 'ನಮ್ಮನೆಯವರು ತಗೊಂಡ್ಹೋದ್ರು' ಅನ್ನಲಿ. ನಿಮ್ಮ ಪತ್ತೇದಾರ ಅತ್ತೆ, ಮಾವ, ಮೈದುನ ಎಲ್ಲಾರನ್ನೂ ಜಾಲಾಡಲಿ. ಕೊನೆಗೆ ಗೊತ್ತಾಗಲಿ, ಗಂಡನೇ ಅಂತ."

ಮಾತು ಮುಗಿಯುವ ಮುಂಚೆಯೇ ಓಡಿಹೋಗಿ ಬರೆಯಲು ಕೂತರು. ಆ ಕಥೆ ಬಂದಮೇಲೆ ಬಸ್ ಸ್ಟಾಪಿನಲ್ಲಿ ಹೆಂಗಸರು ಅದನ್ನೇ ಹೇಳಿಕೊಂಡು ನಗುತ್ತಿದ್ದರು. ನಮ್ಮ ಬಡಾವಣೆಯ ಕನ್ನಡ ಸಂಘದವರು ಪಾರ್ಕಿನಲ್ಲಿ ಶಾಮಿಯಾನ ಹಾಕಿ ಸನ್ಮಾನವನ್ನೂ ಇಟ್ಟುಕೊಂಡರು. ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತೆ. ಇದು ಅವಳು ಹೇಳಿದ್ದು ಅಂತ ಒಂದೇ ಒಂದು ಮಾತು ಅವರ ಬಾಯಿಂದ ಬರಲಿ ಎಂದು ಕಾದಿದ್ದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಅವರೇ ಇಟ್ಟುಕೊಳ್ಳಲಿ.

ಸಭೆಯಿಂದ ಯಾರೋ ಕೇಳಿದರು: "ಸಾರ್, ಆ 'ನಮ್ಮನೆಯವರು' ಐಡಿಯಾ ಹೆಂಗ್ ಸಾರ್ ಹೊಳೀತು?"

ನಮ್ಮನೆಯವರು ಪೇಟ ಸರಿಮಾಡಿಕೊಂಡರು. "ತಾರಸಿ ಮೇಲೆ ನಕ್ಷತ್ರ ನೋಡ್ತಾ ಕೂತಿರ್ತೀನಿ. ಅವೇ ಹೇಳ್ತವೆ."

ಚಪ್ಪಾಳೆ. ಆಮೇಲೆ ನನ್ನ ಸೀರೆ ಕಣ್ಣಿಗೆ ಬಿತ್ತೇನೋ, "ನಮ್ಮ ಮನೇಲೂ ತುಂಬಾ ಸಪೋರ್ಟು. ಕಾಫಿ ಚೆನ್ನಾಗಿ ಮಾಡ್ತಾರೆ" ಎಂದರು.

'ನಮ್ಮ ಮನೇಲಿ' ಅಂದರೆ ನಾನು. ಗಂಡನಿಗಾದರೆ ಗೌರವದ ಬಹುವಚನ, ಹೆಂಡತಿಗೆ ಬರೀ ಸಪ್ತಮಿ ವಿಭಕ್ತಿ. ಮೈಯೆಲ್ಲ ಉರಿದುಹೋಯಿತು. ಹಣ್ಣಿನ ಬುಟ್ಟಿಯನ್ನು ಮನೆತನಕ ಹೊತ್ತವಳೂ ನಾನೇ.

ಮುಂದಿನ ಕಥೆಯಲ್ಲಿ ಚಂದ್ರನ ಮೇಲಿನ ಹೋಟೆಲಿನಲ್ಲಿ ಒಬ್ಬ ಸಾಹುಕಾರ ಸತ್ತುಬಿದ್ದ. ನಮ್ಮನೆಯವರು ಎಂದಿನಂತೆ ಅಡುಗೆಮನೆ ಬಾಗಿಲಿಗೆ ಬಂದರು.

"ಕೋಣೆಗೆ ಒಳಗಡೆಯಿಂದ ಚಿಲಕ ಹಾಕಿದೆ ಕಣೇ. ಯಾರು ಕೊಂದಿದ್ದು?"

"ನಕ್ಷತ್ರ ಕೇಳಿ."

ತಮಾಷೆ ಅಂದುಕೊಂಡು ನಕ್ಕರು. ಮರುದಿನ ನಗಲಿಲ್ಲ. ಪತ್ರಿಕೆಯವರು ಎದುರು ಮನೆಗೆ ಫೋನ್ ಮಾಡಿ ಮಾಡಿ ಆ ಮನೆಯ ಆಂಟಿಗೂ ಬೇಜಾರು ಹಿಡಿಯಿತು. ಬೀದಿಯಲ್ಲಿ ಹುಲಿಯಾಗಿದ್ದವರು ಸಂಜೆಯಾದರೆ ತಾರಸಿ ಮೇಲೆ ಜೆ.ಪಿ. ನಗರದ ಕಡೆ ಮುಖ ಮಾಡಿ ಇಲಿಯ ಹಾಗೆ ಕೂರುತ್ತಿದ್ದರು. ಆ ವಾರವೆಲ್ಲ ಮೋಡ.

ಒಂದು ಸಂಜೆ ಮೇಲಿನಿಂದ ನನ್ನ ಹೆಸರು ಕೇಳಿಸಿತು. ಮದುವೆಯಾದ ಹೊಸದರಲ್ಲಿ ಹೊಸಿಲ ಮೇಲೆ ನಿಲ್ಲಿಸಿ ಅವರ ಬಾಯಿಂದ ಬಲವಂತವಾಗಿ ಹೇಳಿಸಿದ್ದೇ ಕೊನೆ. ಆಮೇಲೆ ಬರೀ 'ಏನೇ', 'ಲೇ', 'ಇಲ್ಬಾ'. ಈಗ ಪೂರ್ತಿ ಹೆಸರು, ಪಕ್ಕದ ತಾರಸಿಯಲ್ಲಿ ಒಣಹಾಕಿದ್ದ ಬಟ್ಟೆ ಎತ್ತುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ. ಸುಳ್ಳೇಕೆ ಹೇಳಲಿ, ಹಿಗ್ಗಾಯಿತು. ಕಾಫಿ ಬೆರೆಸಿಕೊಂಡು ಮೇಲೆ ಹೋದೆ.

"ಹೇಳೇ, ಯಾರು ಕೊಂದಿದ್ದು?"

ಲೋಟವನ್ನು ಅವರ ಕೈಗಿಟ್ಟೆ. "ನನಗೇನ್ರೀ ಗೊತ್ತು? ನಿಮ್ಮ ಮನೇಲಿ ಕಾಫಿ ಚೆನ್ನಾಗಿ ಮಾಡ್ತಾರೆ, ಅಷ್ಟೇ."

ಕಥೆ ಅಲ್ಲಿಗೇ ನಿಂತಿತು. ಚಂದ್ರನ ಮೇಲಿನ ಆ ಬಾಗಿಲು ಇವತ್ತಿಗೂ ತೆರೆದಿಲ್ಲ. ಚಿಲಕ ಹಾಕಿದ್ದು ಯಾರೆಂದು ನನಗೆ ಗೊತ್ತು.