ಆರು ಗಂಟು, ಇಬ್ಬರು ಮಕ್ಕಳು

ನನ್ನ ತವರೂರು ಹೆಮ್ಮರಗಾಲದಿಂದ ಮೊದಲ ಬಸ್ಸಿಗೆ ಹೊರಟು ನಂಜನಗೂಡು ರೈಲು ನಿಲ್ದಾಣ ಸೇರಿದಾಗ ಬಿಸಿಲು ಏರಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ಆಗಿನ್ನೂ ಮೈಸೂರಿಗೆ ಮೀಟರ್ ಗೇಜ್ ರೈಲು. ನನ್ನ ತಂಗಿ ತೀರಿಕೊಂಡು ಮೂರು ತಿಂಗಳಾಗಿತ್ತು. ಅವಳ ಗಂಡ ಅದಕ್ಕೂ ಮೊದಲೇ ಬೇರೆ ಸಂಸಾರ ಹೂಡಿದ್ದ. ಅವ್ವ ದಿನಾ ಕೂಲಿಗೆ ಹೋಗುವವಳು. ಅರಸೀಕೆರೆಯಲ್ಲಿ ನಾನೂ ನಮ್ಮ ಮನೆಯವರೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು, ಮಕ್ಕಳಿರಲಿಲ್ಲ. ಹಾಗಾಗಿ ತಂಗಿಯ ಮಕ್ಕಳಾದ ಒಂಬತ್ತು ವರ್ಷದ ಸವಿತಾ, ನಾಲ್ಕು ವರ್ಷದ ಪುಟ್ಟಿ ಇನ್ನು ನಮ್ಮ ಮಕ್ಕಳೆಂದು ಹಿರಿಯರೆಲ್ಲ ಕೂತು ತೀರ್ಮಾನಿಸಿದ್ದರು. ನನಗೂ ಅದೇ ಬೇಕಾಗಿತ್ತು. ಮಕ್ಕಳನ್ನು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬರಿಗೈಲಿ ಕಳಿಸಬಾರದೆಂದು ಅವ್ವ ಕಟ್ಟಿದ ಸಾಮಾನು ನೋಡಿದರೆ ಒಂದು ಮದುವೆ ಮುಗಿಸಬಹುದಿತ್ತು. ರಾಗಿ ಮೂಟೆ, ಹುರುಳಿ ಚೀಲ, ಹಾಸಿಗೆ ಸುರುಳಿ, ಮಕ್ಕಳ ಬಟ್ಟೆಯ ಟ್ರಂಕು, ತಂಗಿಯ ತಾಮ್ರದ ಕೊಡ, ಬುತ್ತಿಯ ಬುಟ್ಟಿ. ಇಷ್ಟನ್ನು ಹತ್ತಿಸಿಕೊಳ್ಳಲು ಮೈಸೂರಿನ ಬಸ್ಸಿನವರು ಮುಖ ಸಿಂಡರಿಸುತ್ತಾರೆಂದೇ ರೈಲಿಗೆ ಬಂದಿದ್ದೆವು. ಟಿಕೆಟ್ಟೂ ಅಗ್ಗ; ಸವಿತಾಳಿಗೆ ಅರ್ಧ, ಪುಟ್ಟಿಗೆ ಬೇಕೇ ಇಲ್ಲ.

ನಮ್ಮ ಮನೆಯಲ್ಲಿ ದೂರ ಹೊರಟರೆ ಗಂಟುಗಳ ಜೊತೆ ಮಕ್ಕಳನ್ನೂ ಸೇರಿಸಿಯೇ ಎಣಿಸುವುದು. ಎಣಿಸುವ ಕೆಲಸ ದೊಡ್ಡ ಮಗುವಿನದು. “ಆರು ಗಂಟು, ನೀವಿಬ್ರು, ಒಟ್ಟು ಎಂಟು. ಇಳಿದ ಮ್ಯಾಲೆ ಎಂಟು ಅಂತ ದೊಡ್ಡವ್ವಂಗೆ ಯೋಳ್ಬೇಕು ಕಣವ್ವ,” ಎಂದು ಅವ್ವ ಸವಿತಾಳಿಗೆ ಹೇಳಿಕೊಟ್ಟಳು. ರೈಲು ಹೊರಟಾಗ ಅವ್ವ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಳು. ಕೈ ಬೀಸಲಿಲ್ಲ.

ಕಪಿಲಾ ನದಿಯ ಸೇತುವೆ ದಾಟುವಾಗ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ನೋಡಿದೆ. ಜಾರಿಕೊಂಡು ಅಕ್ಕನ ಪಕ್ಕಕ್ಕೆ ಹೋದಳು. ಮನಸ್ಸಿಗೆ ಚುಚ್ಚಿತು, ನಾಲ್ಕು ದಿನ ಕಳೆದರೆ ಹೊಂದಿಕೊಳ್ಳುತ್ತಾಳೆಂದು ಸಮಾಧಾನ ಮಾಡಿಕೊಂಡೆ. ತಾಂಡವಪುರದಲ್ಲಿ ಸೊಪ್ಪಿನ ಮಂಕರಿ ಹೊತ್ತ ಮುದುಕಿಯೊಬ್ಬಳು ಹತ್ತಿದಳು. ಅಲ್ಲಿಯತನಕ ತುಟಿ ಬಿಚ್ಚದ ಸವಿತಾ, “ಅಜ್ಜಿ, ಮೈಸೂರಾದ್ಮೇಲೆ ಈ ರೈಲು ಎಲ್ಲಿಗೋಯ್ತದೆ?” ಎಂದು ಕೇಳಿದಳು.

“ಇನ್ನೆಲ್ಲಿಗೋದದು? ತಿರ್ಗ ನಂಜನಗೂಡಿಗೇ ಬತ್ತದೆ.”

ಹುಡುಗಿ ಚುರುಕಾಗಿದ್ದಾಳೆ ಎಂದು ನನ್ನ ಮೇಷ್ಟ್ರಮ್ಮನ ಬುದ್ಧಿಗೆ ಖುಷಿಯಾಯಿತು.

ಇಪ್ಪತ್ತೈದು ಕಿಲೋಮೀಟರಿಗೆ ಒಂದು ಗಂಟೆಯ ಮೇಲೇ ಹಿಡಿಯಿತು. ಮೈಸೂರಿನಲ್ಲಿ ನಾನು ಮೊದಲು ಇಳಿದು ಕೂಲಿಯವನೊಬ್ಬನನ್ನು ಕರೆದೆ. ಸವಿತಾ ಒಳಗಿನಿಂದ ಗಂಟುಗಳನ್ನು ಬಾಗಿಲಿಗೆ ತಳ್ಳಿದಳು, ನಾವಿಬ್ಬರೂ ಇಳಿಸಿಕೊಂಡೆವು. ಕೊನೆಗೆ ತಾನೂ ಇಳಿದು, “ಎಂಟೂ ಬಂತು ದೊಡ್ಡವ್ವ,” ಎಂದಳು. ಅರಸೀಕೆರೆ ರೈಲು ಬೇರೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿತ್ತು. ಜನ ನುಗ್ಗುತ್ತಿದ್ದರು. ಪುಟ್ಟಿ ಅಕ್ಕನ ಹಿಂದೆ ಇದ್ದಾಳೆಂದುಕೊಂಡು ಕೊಡ ಹಿಡಿದು ಓಡಿದೆ.

ಆ ರೈಲಿನ ಬಾಗಿಲಲ್ಲಿ ಸಾಮಾನು ಇಳಿಸಿದ ಕೂಲಿಯವನು, “ಎಲ್ಲಾ ಸರಿ ಐತಾ ನೋಡ್ಕೊಳ್ಳಿ ಅಕ್ಕ,” ಎಂದ.

“ಎಂಟು ಇದೆಯಲ್ಲಪ್ಪ, ಮಕ್ಕಳೂ ಸೇರಿ.”

“ಎಂಟೆಲ್ಲೈತೆ ಅಕ್ಕ? ಆರು ಗಂಟು. ಮಗು ಒಂದೇ ಅಲ್ವಾ?”

ತಿರುಗಿ ನೋಡಿದೆ. ಸವಿತಾ ತಲೆ ತಗ್ಗಿಸಿ ನಿಂತಿದ್ದಳು. ಅವಳ ಕೈ ಹಿಡಿದು ಬಂದ ದಾರಿಯಲ್ಲೇ ಓಡಿದೆ. ನಂಜನಗೂಡಿನ ರೈಲು ಪುಣ್ಯಕ್ಕೆ ಇನ್ನೂ ಹೊರಟಿರಲಿಲ್ಲ. ಪುಟ್ಟಿ ಅದೇ ಕಿಟಕಿಯ ಪಕ್ಕ ಸೀಟಿನ ಮೇಲೆ ಕಾಲು ಮಡಚಿ ಕೂತಿದ್ದಳು. “ನಾ ಇಳಿಯಕಿಲ್ಲ. ನಾನು ಅಜ್ಜಿ ತಾವ್ಕೋಯ್ತೀನಿ,” ಎಂದಳು.

ಸವಿತಾಳಿಗೆ ಹೊಡೆಯಲು ಕೈ ಎತ್ತಿದೆ. ಅವಳು ಹಿಂದೆ ಸರಿಯಲಿಲ್ಲ. “ಅಜ್ಜಿ ಟೇಸನ್ನಲ್ಲೇ ಕುಂತದಲ್ಲ ದೊಡ್ಡವ್ವ, ಇಳಿಸ್ಕತದೆ ಅನ್ಕಂಡೆ. ಇವ್ಳು ರಾತ್ರಿಯೆಲ್ಲಾ ಅತ್ತಳು. ಅದ್ಕೇ ಎಂಟು ಅಂದೆ,” ಎಂದಳು.

ಎತ್ತಿದ ಕೈ ಇಳಿಸಿದೆ. ನಾನು ಗಾಢ ನಿದ್ದೆ ಮಾಡಿದ್ದ ರಾತ್ರಿ ಅದು. ಪುಟ್ಟಿಯನ್ನು ಎಳೆದುಕೊಂಡು ಇಳಿಯಲು ನನ್ನಿಂದಾಗಲಿಲ್ಲ. ಹಿಂದೆಯೇ ಬಂದಿದ್ದ ಕೂಲಿಯವನಿಗೆ ಊರಿಗೇ ವಾಪಸು ಹೋಗುವುದೆಂದೆ; ಅವನು ಗೊಣಗುತ್ತಲೇ ಸಾಮಾನನ್ನೆಲ್ಲ ಹಳೆಯ ರೈಲಿಗೇ ತಂದು ಹಾಕಿದ.

ನಂಜನಗೂಡಿನಲ್ಲಿ ಇಳಿದಾಗ ಬೆಂಚು ಖಾಲಿಯಿತ್ತು. ಅವ್ವ ಊರಿಗೆ ಹೊರಟುಹೋಗಿದ್ದಳು. ಸವಿತಾ ಬೆಂಚನ್ನೇ ನೋಡಿದಳು. ಪುಟ್ಟಿ ಇಲ್ಲಿ ಒಬ್ಬಳೇ ಇಳಿದಿದ್ದರೆ ಅವಳ ಗತಿ ಏನಾಗುತ್ತಿತ್ತೆಂದು ಆಗ ಅವಳಿಗೆ ಹೊಳೆದಿರಬೇಕು. ಪುಟ್ಟಿಯನ್ನು ಬಾಚಿ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಊರಿಗೆ ಮರಳಿದಾಗ ಮನೆಯ ಬಾಗಿಲಲ್ಲಿ ನಮ್ಮನ್ನು ಕಂಡ ಅವ್ವ ಬೈಯಲಿಲ್ಲ. ನಡೆದದ್ದನ್ನು ಕೇಳಿ ಪುಟ್ಟಿಯನ್ನು ಎತ್ತಿಕೊಂಡಳು. “ಬುಡು ಮಗಳೇ, ನಾ ಇರೋಗಂಟ ಇಲ್ಲೇ ಇರ್ಲಿ,” ಎಂದಳು. ಅರಸೀಕೆರೆಯಲ್ಲಿ ಮಕ್ಕಳಿಗೆಂದು ನಮ್ಮ ಮನೆಯವರು ಹೊಸ ಮಂಚ ಮಾಡಿಸಿದ್ದರು. ಅವರಿಗೆ ಏನು ಹೇಳುವುದೆಂದು ಯೋಚಿಸುತ್ತಲೇ ಟ್ರಂಕಿನಿಂದ ಮಕ್ಕಳ ಬಟ್ಟೆ ತೆಗೆದಿಟ್ಟೆ.

ಮರುದಿನ ಒಬ್ಬಳೇ ಹೊರಟೆ. ಬಸ್‌ಸ್ಟಾಪಿನವರೆಗೆ ಸವಿತಾ ಬಂದಳು. ಬಸ್ಸು ಬರುವುದು ಕಂಡು, “ನಾನು ಬೇಕಾರೆ ಬತ್ತೀನಿ ದೊಡ್ಡವ್ವ. ಅವ್ಳು ಅಜ್ಜಿ ತಾವ ಇರ್ಲಿ,” ಎಂದಳು.

“ಬೇಡ ಮಗಾ, ಇಬ್ಬರೂ ಒಟ್ಟಿಗಿರಿ,” ಎಂದು ಬಸ್ಸು ಹತ್ತಿದೆ. ಬಸ್ಸು ಬರುವುದು ಇನ್ನೊಂದು ನಿಮಿಷ ತಡವಾಗಿದ್ದರೆ ‘ಬಾ’ ಎಂದುಬಿಡುತ್ತಿದ್ದೆ.